ಚಾಕುವಿನ ಪ್ರಶ್ನೆ

ಉಪಾಧ್ಯಾಯವೃತ್ತಿಯಲ್ಲಿದ್ದಷ್ಟು ಕಾಲವೂ ಗಾಂಧೀಜಯಂತಿಯ ಆಸುಪಾಸಿನಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಹರೀಶಚಂದ್ರ ಮೆಹ್ರಾ ಎಂಬ ಬಾಲಕನ ವೃತ್ತಾಂತವನ್ನು ಹೇಳುವುದು ನನ್ನ ವಾಡಿಕೆಯಾಗಿತ್ತು. 1957ನೆಯ ಇಸವಿ ಅಕ್ಟೋಬರ್ 2ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ಉತ್ಸವ ನಡೆದಿತ್ತು. ಪ್ರಧಾನಮಂತ್ರಿ ನೆಹರೂರವರೂ ಬಂದು ಕುಳಿತಿದ್ದರು. ಅಕಸ್ಮಾತ್ತಾಗಿ ಶಾಮಿಯಾನಕ್ಕೆ ಬೆಂಕಿ ಹತ್ತಿತು. ಅಲ್ಲಿ ಸೇವೆಗೆ ನಿಂತಿದ್ದ 14 ವರ್ಷದ ಈ ಸ್ಕೌಟು ಸುಮಾರು 20 ಅಡಿಯ ಕಂಬವನ್ನೇರಿ, ಉರಿಯುತ್ತಿದ್ದ ಬಟ್ಟೆಯನ್ನು ತನ್ನ ಚಾಕುವಿನಿಂದ ಸೀಳಿ, ಸಿಕ್ಕಿಕೊಂಡಿದ್ದ ಜನರಿಗೆ ದಾರಿ ಬಿಡಿಸಿದನು. ಅವನ ಕೈಗಳೆರಡೂ ಸುಟ್ಟವು. 1958ರಲ್ಲಿ ನೆಹರೂರವರೇ ಅವನಿಗೆ ಪ್ರಶಸ್ತಿಯನ್ನಿತ್ತರು. ಮಕ್ಕಳ ಶೌರ್ಯಪ್ರಶಸ್ತಿಯು ಹುಟ್ಟಿದುದೇ ಈ ಪ್ರಸಂಗದಿಂದ.

1991ರಲ್ಲಿ ಹೀಗೆ ಹೇಳಿ ಮುಗಿಸಿ, ಹಿಂದಿನ ಸಾಲಿನ ಹುಡುಗನೊಬ್ಬನನ್ನು ಇಸವಿ ಯಾವುದೆಂದು ಕೇಳಿದೆನು. ಅವನಿಗೆ ತಿಳಿಯದು. ಬದಲಾಗಿ, "ಮೇಷ್ಟ್ರೇ, ಅದು ಮಡಚೋ ಚಾಕುವೋ, ಹಾಗೇ ಇರೋದೋ?" ಎಂದು ನನ್ನನ್ನೇ ಕೇಳಿದನು. ತರಗತಿಗೆ ತರಗತಿಯೇ ನಕ್ಕಿತು. ಅಧಿಕಪ್ರಸಂಗವೆಂದು ಬಗೆದು, ಗಂಟೆ ಹೊಡೆಯುವವರೆಗೂ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು.

ಮುಂದಿನ ಮಾಘಮಾಸ, ಎಂದರೆ 1992ರಲ್ಲಿ, ಒಂದು ಮಧ್ಯಾಹ್ನ ಶಾಲೆಯ ಹಿಂದಣ ಗುಡಿಸಿಲಿಗೆ ಬೆಂಕಿ ಬಿತ್ತು. ಸೋಗೆಯ ಮಾಡು, ಸೋಗೆಯದೇ ತಟ್ಟಿ. ಒಳಗೆ ನಡೆಯಲಾರದ ಮುದುಕಿ. ಉಪಾಧ್ಯಾಯರೆಲ್ಲರೂ ಓಡಿಹೋಗಿ ಬಾಗಿಲ ಮುಂದೆ ನಿಂತೆವು. ಜ್ವಾಲೆಯಿದ್ದುದು ಆ ಬಾಗಿಲಲ್ಲಿಯೇ. ಒಬ್ಬರು ನೀರು ನೀರೆಂದು ಕೂಗಿದರು. ನನ್ನ ಬಾಯಿಂದ ಹೊರಟುದು ರಾಮ ರಾಮ ಎಂಬುದಷ್ಟೆ. ಪಂಚತಂತ್ರದ ಮೂರು ಮೀನುಗಳ ಕಥೆಯನ್ನು ವಾಚಕರು ಬಲ್ಲರು. ಪಾಠಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದ ನಾನು ಆ ಹೊತ್ತು, ಬಂದದ್ದು ಬರಲೆಂದು ಕೊಳದಲ್ಲಿಯೇ ಉಳಿದ ಯದ್ಭವಿಷ್ಯನಾಗಿದ್ದೆನು.

ಪ್ರತ್ಯುತ್ಪನ್ನಮತಿಯು ಬಾಗಿಲ ಕಡೆಗೆ ಬರಲೇ ಇಲ್ಲ. ಬೆಂಚಿನ ಮೇಲೆ ನಿಂತಿದ್ದ ಆ ಹುಡುಗನು ಪಕ್ಕದ ಕೊಟ್ಟಿಗೆಯಲ್ಲಿದ್ದ ಹುಲ್ಲು ಕೊಯ್ಯುವ ಕುಡುಗೋಲನ್ನು ಸೆಳೆದುಕೊಂಡು ಹಿಂಬದಿಗೆ ಓಡಿ, ತಟ್ಟಿಯ ಕಟ್ಟುಗಳನ್ನು ಕೊಯ್ದು, ತೆವಳಿ ಒಳಹೊಕ್ಕು, ಮುದುಕಿಯನ್ನು ಅವಳು ಮಲಗಿದ್ದ ಕಂಬಳಿಯ ಸಮೇತ ಹೊರಗೆಳೆದು ತಂದನು. ಕ್ಷಣಮಾತ್ರದಲ್ಲಿ ಮಾಡು ಕುಸಿಯಿತು. ನಾವು ಆ ಕಡೆಗೆ ಸುತ್ತಿ ಬರುವಷ್ಟರಲ್ಲಿ ಕೆಲಸವೆಲ್ಲ ಮುಗಿದಿತ್ತು! ಇಷ್ಟು ವರ್ಷ ನಾನು ಆ ಕಥೆಯಲ್ಲಿ ಇಸವಿಯನ್ನು ಹಿಡಿದುಕೊಂಡಿದ್ದೆನು. ಅವನು ಹಿಡಿದುಕೊಂಡದ್ದು ಸೀಳಿದ ರೀತಿಯನ್ನು.

ಮರುದಿನ ಅವನ ಮನೆಗೆ ಹೋದೆನು. ಬೆಂದ ಹೆಗಲಿಗೆ ಮುಲಾಮು ಹಚ್ಚಿಸಿಕೊಂಡು ಜಗಲಿಯಲ್ಲಿ ಕುಳಿತಿದ್ದವನು ನನ್ನನ್ನು ಕಂಡೊಡನೆ ಎದ್ದನು. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತೊಂದೂ ನನಗೆ ಹೊರಡಲಿಲ್ಲ. ಅವನೇ ಕೈಕಟ್ಟಿ ನಿಂತು, "ಸಾವಿರದ ಒಂಬೈನೂರ ಐವತ್ತೇಳು, ಮೇಷ್ಟ್ರೇ" ಎಂದನು.

"ಮೊದಲು ಕೂತುಕೋ, ಮಗು" ಎಂದೆನು.