ಸೈಕಲ್ ಊರಿನಲ್ಲಿ ‘ಬೈಸಿಕಲ್ ಥೀವ್ಸ್’

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ಹತ್ತಿ, ಒಂದು ಕೂಗು ಹಾಕಿ, ಅದು ಮತ್ತೆ ಮತ್ತೆ ಮರಳಿ ಬರೋದನ್ನು ಕೇಳಿ ಹೊರಟುಬಿಡ್ತಾರೆ. ಬೆಳಗಿನ ಆರಕ್ಕೆ ಊರ ಹೊರಗಿನ ರಸ್ತೆಗೆ ಬಂದರೆ ಇನ್ನೊಂದು ವಿಜಯಪುರ ಕಾಣುತ್ತೆ. ಹ್ಯಾಂಡಲ್ ಮೇಲೆ ಬಗ್ಗಿದ ಹುಡುಗರು, ಹುಡುಗಿಯರು ಸಾಲಾಗಿ ಸುಂಯ್ ಅಂತ ಹೋಗ್ತಿರ್ತಾರೆ. ನಾಡಿಗೆ ಸೈಕ್ಲಿಸ್ಟ್‌ಗಳನ್ನು ಕೊಟ್ಟ ಜಿಲ್ಲೆ ಇದು. ಪಕ್ಕದ ಬಾಗಲಕೋಟೆಯೂ ಹಾಗೇ. ಇಂಥ ಊರಿನವರು ‘ಬೈಸಿಕಲ್ ಥೀವ್ಸ್’ ನೋಡಿದರೆ ಏನಂದಾರು? ದೀಪಾವಳಿಗೆ ಊರಿಗೆ ಬರುವಾಗ ಆ ಸಿನಿಮಾವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡೇ ಬಂದೆ.

ಇಟಲಿಯ ವಿಟ್ಟೋರಿಯೋ ಡಿ ಸಿಕಾ 1948ರಲ್ಲಿ ಮಾಡಿದ ಚಿತ್ರ. ಯುದ್ಧ ಮುಗಿದ ರೋಮ್ ನಗರ, ಎಲ್ಲಿ ನೋಡಿದರೂ ನಿರುದ್ಯೋಗ. ಅಂಟೋನಿಯೋ ಎಂಬುವನಿಗೆ ಗೋಡೆಗೆ ಪೋಸ್ಟರ್ ಅಂಟಿಸೋ ಕೆಲಸ ಸಿಗುತ್ತೆ, ಆದರೆ ಸೈಕಲ್ ಇರಲೇಬೇಕು. ಅವನ ಸೈಕಲ್ ಅಡವಿನಲ್ಲಿದೆ. ಹೆಂಡತಿ ಮರಿಯಾ ಮನೆಯ ಚಾದರಗಳನ್ನು ಅಡವಿಟ್ಟು ಸೈಕಲ್ ಬಿಡಿಸ್ತಾಳೆ. ಮೊದಲ ದಿನವೇ ಅದು ಕಳುವಾಗುತ್ತೆ. ಅಪ್ಪ, ಮಗ ಬ್ರೂನೋ ಊರೆಲ್ಲ ಹುಡುಕ್ತಾರೆ. ಕಥೆ ಇಷ್ಟೇ.

ಹೆಸರು ಮಾತ್ರ ದೊಡ್ಡದು. 1952ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರನ್ನು ಕೇಳಿದಾಗ ಜಗತ್ತಿನ ಚಿತ್ರಗಳಲ್ಲೆಲ್ಲ ಇದಕ್ಕೇ ಮೊದಲ ಸ್ಥಾನ. ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇದನ್ನು ತೋರಿಸಿದ್ದೂ ಅದೇ ವರ್ಷ. ಮರುವರ್ಷವೇ ಬಿಮಲ್ ರಾಯ್ ಅವರ ‘ದೋ ಬೀಘಾ ಜಮೀನ್’ ಬಂತು. ಲಂಡನ್ನಿನಲ್ಲಿ ಇದನ್ನು ನೋಡಿದ ಸತ್ಯಜಿತ್ ರೇ ‘ಪಥೇರ್ ಪಾಂಚಾಲಿ’ ತೆಗೆದರು. ಸೈಟ್ ಅಂಡ್ ಸೌಂಡ್‌ನ 2022ರ ಪಟ್ಟಿಯಲ್ಲಿ ಇದು 41ಕ್ಕೆ ಇಳಿದಿದೆ. ಇಳಿದರೂ ನೂರರೊಳಗೆ ಗಟ್ಟಿಯಾಗಿ ಕೂತಿದೆ ಅನ್ನಿ.

ವಿಜಯಪುರದಲ್ಲಿ ನಮ್ಮ ಓಣಿಯ ಹುಡುಗರಿಗೆ ಈ ಪುರಾಣವನ್ನೆಲ್ಲ ಹೇಳಿಯೇ ಸಿನಿಮಾ ಹಚ್ಚಿದೆ. ಎಲ್ಲರೂ ಪರೀಕ್ಷೆಗೆ ಕೂತಂತೆ ಕೂತರು. ಅರ್ಧ ಗಂಟೆಗೆ ಇಬ್ಬರು ಮೊಬೈಲ್ ತೆಗೆದರು. “ಇದ್ಯಾಕ್ರಿ ನಂಬರ್ ಒನ್? ಫೈಟ್ ಇಲ್ಲ, ಕಳ್ಳನೂ ಸಿಗಂಗಿಲ್ಲ” ಅಂದ ಒಬ್ಬ. ಆದರೆ ರೇಸಿಗೆ ಹೋಗೋ ಹುಡುಗನೊಬ್ಬ ಕದಲಲಿಲ್ಲ. ಅವನ ಸೈಕಲ್ಲಿಗೆ ಮನೆಯವರು ಸಾಲ ಮಾಡಿದ್ದಾರೆ. ರಾತ್ರಿ ಅದು ಅವನ ಹಾಸಿಗೆ ಪಕ್ಕದಲ್ಲೇ ಇರುತ್ತೆ. ಅಡವಿನಿಂದ ಬಂದ ಸೈಕಲ್ ಒರೆಸುವಾಗ ಬ್ರೂನೋ ಒಂದು ಸಣ್ಣ ತಗ್ಗು ಕಂಡುಹಿಡಿದು ರೇಗ್ತಾನಲ್ಲ, ಅಲ್ಲಿ ಈ ಹುಡುಗ “ಖರೇ ಐತಿ” ಅಂದ. ಅಷ್ಟೇ ಅಂದಿದ್ದು.

ಮರುದಿನ ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೋದೆ. ದಾರಿಯುದ್ದಕ್ಕೂ ಚಾಟ್ನಿ ಮುಗಿದು ಚಿಗುರಿದ ದ್ರಾಕ್ಷಿ ತೋಟಗಳು, ಬೇಸಿಗೆಗೆ ಕಾದು ಖಾಲಿ ನಿಂತ ಒಣದ್ರಾಕ್ಷಿ ಶೆಡ್‌ಗಳು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಹತ್ತಿದೆ. ಅದಕ್ಕೂ ಮುಂಚಿನ ತಿಕೋಟಾ ಬೇರೆ. ಕಾಕಾ ಆಗ ಗೋವಾಕ್ಕೆ ದುಡಿಯಲು ಹೋಗಿದ್ದವರು.

ಅಲ್ಲಿ ನಾನು ಪಟ್ಟಿ, ನಂಬರ್ ಏನೂ ಹೇಳಲಿಲ್ಲ. “ಸೈಕಲ್ ಕಳಕೊಂಡವನ ಕಥಿ” ಅಂದೆ, ಅಷ್ಟೇ. ಇಂಗ್ಲಿಷ್ ಅಕ್ಷರ ಓದಿ ಓದಿ ಕನ್ನಡದಲ್ಲಿ ಹೇಳ್ತಾ ಹೋದೆ. ಕೆಲಸಕ್ಕೆ ಹೆಸರು ಕೂಗೋ ಮೊದಲ ದೃಶ್ಯದಲ್ಲೇ ಕಾಕಾ ಮುಂದಕ್ಕೆ ಸರಿದು ಕೂತರು. “ನಮ್ಮನ್ನೂ ಹಿಂಗ ನಿಲ್ಲಸ್ತಿದ್ರು.” ಆಮೇಲೆ ಅಡವಿನ ಅಂಗಡಿ. ಮರಿಯಾ ಕೊಟ್ಟ ಗಂಟನ್ನು ಹಿಡಿದು ನೌಕರ ಮೇಲೆ ಮೇಲೆ ಹತ್ತುತ್ತಾನೆ, ಸೂರಿನವರೆಗೂ ಬರೀ ಗಂಟುಗಳೇ. ಕಾಕಾ ಅಂದರು, “ಅಷ್ಟೂ ಮಂದಿ ಚಾದರ ಇಲ್ಲದ ಮಲಗ್ಯಾರ ಅಂದಂಗಾತು.”

ಬೆಂಗಳೂರಿನ ಫಿಲಂ ಕ್ಲಬ್ಬಿನಲ್ಲಿ ಈ ದೃಶ್ಯದ ಬಗ್ಗೆ ನವವಾಸ್ತವವಾದ, ಕ್ಯಾಮೆರಾ ಚಲನೆ ಅಂತೆಲ್ಲ ಕೇಳಿದ್ದೇನೆ. ಈ ಮಾತು ಕೇಳಿರಲಿಲ್ಲ.

ಚಿಗವ್ವ ರೊಟ್ಟಿ ಬಡಿಯೋದು ಬಿಟ್ಟು ಬಂದು ಬಾಗಿಲಲ್ಲೇ ನಿಂತು ನೋಡ್ತಿದ್ದಳು. ಬರಗಾಲದಲ್ಲಿ ಹಂಡೆ, ಕೊಡ ಅಡವಿಟ್ಟು ಬಂದವಳು ಅವಳೇ ಅಂತೆ. ನನಗೆ ಅವತ್ತೇ ಗೊತ್ತಾಗಿದ್ದು. ಮುಗಿದ ಮೇಲೆ ಕೇಳಿದಳು, “ಚಾದರ ಕಿತ್ತ ಕೊಟ್ಟಳಲ್ಲ, ಅಕಿ ಆಮ್ಯಾಲೆ ಯಾಕ ಬರಲೇ ಇಲ್ಲ?” ನಿಜ. ಅರ್ಧಕ್ಕೇ ಮರಿಯಾ ಚಿತ್ರದಿಂದ ಮಾಯವಾಗ್ತಾಳೆ. ನಾಲ್ಕು ಸಲ ನೋಡಿದ ನನಗೆ ಅದು ಹೊಳೆದಿರಲಿಲ್ಲ.

ಬಬಲೇಶ್ವರದಲ್ಲಿ ಗೆಳೆಯನ ಮನೆ. ಪಕ್ಕದಲ್ಲೇ ಸೈಕಲ್ ರಿಪೇರಿ ಅಂಗಡಿ, ಈಗ ಹೆಚ್ಚಾಗಿ ಬೈಕಿನ ಪಂಕ್ಚರ್. ಅಂಗಡಿಯ ಅಜ್ಜಾರು, ಒಬ್ಬ ಆಟೋದವನು, ಗೆಳೆಯನ ಮನೆ ಮಂದಿ ಎಲ್ಲ ಸೇರಿದರು. ಸಂತೆಯಲ್ಲಿ ಸೈಕಲ್ ಹುಡುಕುವಾಗ ಒಬ್ಬರು ಟೈರ್, ಒಬ್ಬರು ಫ್ರೇಮ್, ಹುಡುಗ ಪಂಪು-ಗಂಟೆ ನೋಡಬೇಕು ಅಂತ ಪಾಲು ಮಾಡಿಕೊಳ್ತಾರೆ. ಅಜ್ಜಾರು ತೊಡೆ ತಟ್ಟಿದರು: “ಬಿಚ್ಚಿದ ಮ್ಯಾಲ ಅದು ಯಾರ ಸೈಕಲ್ಲೂ ಅಲ್ರಿ. ಇದನ್ನ ಮಾಡಿದಾಂವಗ ಧಂದೆ ಗೊತ್ತೈತಿ.”

ಜಗಳ ಹತ್ತಿದ್ದು ಕೊನೆಗೆ. ಸೋತ ಅಂಟೋನಿಯೋ ತಾನೇ ಒಂದು ಸೈಕಲ್ ಕದೀತಾನೆ, ಸಿಕ್ಕಿಬೀಳ್ತಾನೆ, ಮಗನ ಕಣ್ಣೆದುರೇ ಹೊಡೆತ ತಿಂತಾನೆ. ಅಳುವ ಹುಡುಗನನ್ನು ನೋಡಿ ಸೈಕಲ್ಲಿನ ಮಾಲೀಕ ಬಿಟ್ಟುಬಿಡ್ತಾನೆ. “ಬಿಡಬಾರದಿತ್ತು, ಕಳ್ಳ ಅಂದ್ರ ಕಳ್ಳನ” ಅಂದ ಆಟೋದವನು. “ಹುಡುಗನ ಮುಂದ?” ಅಂದರು ಗೆಳೆಯನ ಅವ್ವ. ಅಮೆರಿಕದಲ್ಲಿ ಇದಕ್ಕೆ ‘ಬೈಸಿಕಲ್ ಥೀಫ್’, ಒಬ್ಬನೇ ಕಳ್ಳ, ಅಂತ ಹೆಸರಿಟ್ಟಿದ್ದರು. ಇಟಲಿಯ ಮೂಲ ಹೆಸರಲ್ಲಿ ಕಳ್ಳರು ಬಹುವಚನ ಅಂತ ನಾನಂದೆ. ಅದರಿಂದ ಜಗಳ ಇನ್ನೊಂದು ಅರ್ಧ ಗಂಟೆ ಬೆಳೆಯಿತು. ಚಹಾ ಎರಡು ಸಲ ಬಂತು.

ನನಗನಿಸೋದು, ಈ ಚಿತ್ರದ ಹೆಸರು ಉಳಿದಿರೋದು ಪಟ್ಟಿಗಳಿಂದಲ್ಲ. ಪಟ್ಟಿ ತೋರಿಸಿದ ಕಡೆ ಜನ ಆಕಳಿಸಿದರು, ತೋರಿಸದ ಕಡೆ ಜಗಳ ಆಡಿದರು.

“ಆ ಅಪ್ಪ ದೊಡ್ಡ ಹೀರೋ ಏನ್ರಿ?” ಅಜ್ಜಾರು ಕೇಳಿದರು. ಇಲ್ಲ, ಲ್ಯಾಂಬರ್ಟೋ ಮಜ್ಜೋರಾನಿ ಕಾರ್ಖಾನೆಯ ಕೆಲಸಗಾರ. ನಮ್ಮ ‘ತಿಥಿ’ಯಲ್ಲಿ ಮಂಡ್ಯದ ಹಳ್ಳಿಗರೇ ಪಾತ್ರ ಮಾಡಿದಂತೆ. ಹಾಲಿವುಡ್ಡಿನ ನಿರ್ಮಾಪಕ ಸೆಲ್ಜ್‌ನಿಕ್, ಕ್ಯಾರಿ ಗ್ರಾಂಟ್ ನಾಯಕನಾದರೆ ದುಡ್ಡು ಹಾಕ್ತೀನಿ ಅಂದರೂ ಡಿ ಸಿಕಾ ಒಪ್ಪಲಿಲ್ಲ. ಚಿತ್ರ ಲೋಕವಿಖ್ಯಾತ ಆಯ್ತು. ಮಜ್ಜೋರಾನಿ ಕಾರ್ಖಾನೆಯ ಕೆಲಸ ಕಳೆದುಕೊಂಡ, ಆಮೇಲೆ ಸಿಕ್ಕಿದ್ದು ಚಿಕ್ಕಪುಟ್ಟ ಪಾತ್ರಗಳಷ್ಟೇ.

ಅಜ್ಜಾರು ಬಹಳ ಹೊತ್ತು ಸುಮ್ಮನಿದ್ದರು. ಆಟೋದವನೂ ಮಾತಾಡಲಿಲ್ಲ. “ಆ ಸೈಕಲ್ಲರ ಅವಂಗ ಕೊಡಬೇಕಿತ್ತು” ಅಂದು ಅಜ್ಜಾರು ಎದ್ದರು. ಹೊರಗೆ ಯಾರೋ ಪಂಕ್ಚರ್ ಅಂತ ಕೂಗ್ತಿದ್ದರು.