ಜಪಾನಿನ ಬೇಸಗೆಯಲ್ಲಿ ‘ಹೋಗಿ ಬರುತ್ತೇನೆ’

ಜಪಾನಿಗೆ ಹೋಗಬಯಸುವವರಿಗೆ ಬಲ್ಲವರು ಸೂಚಿಸುವ ಕಾಲಗಳು ಎರಡು: ಚೆರ್ರಿ ಹೂವರಳುವ ವಸಂತ, ಮೇಪಲ್ ಎಲೆಗಳು ಕೆಂಪಾಗುವ ಶರತ್ಕಾಲ. ಬೇಸಗೆಯಲ್ಲಿ ಹೋಗಿರೆಂದು ಯಾರೂ ಹೇಳರು. ಜೂನ್ ತಿಂಗಳಿನಲ್ಲಿ ಹಿಡಿದ ಜಡಿಮಳೆ ಜುಲೈ ನಡುವಿನ ಹೊತ್ತಿಗೆ ತೆರಳುತ್ತಲೇ, ನಮ್ಮ ಕರಾವಳಿಯ ಮೇ ತಿಂಗಳನ್ನು ನೆನಪಿಸುವ ಬೆವರಿನ ಸೆಕೆ ಆ ನಾಡನ್ನು ಆವರಿಸುತ್ತದೆ. ಮೂರು ಕಡೆ ಬೆಟ್ಟಗಳಿರುವ ಕ್ಯೋಟೋ ನಗರದಲ್ಲಿ ಉಷ್ಣಮಾನವು 35 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಆದರೂ, ಆ ದೇಶದ ದೇವಾಲಯಗಳನ್ನಷ್ಟೇ ಅಲ್ಲದೆ ಮನೆಗಳನ್ನೂ ನೋಡಬಯಸುವವರು ಬೇಸಗೆಯಲ್ಲಿಯೇ ಹೋಗತಕ್ಕದ್ದು ಎಂಬುದು, ಹೋಟೆಲುಗಳನ್ನು ಬಿಟ್ಟು ಗೃಹಸ್ಥರ ಮನೆಗಳಲ್ಲಿ ಒಂದು ತಿಂಗಳು ಕಳೆದ ನಮ್ಮಿಬ್ಬರ ಅಭಿಪ್ರಾಯ.

ಕ್ಯೋಟೋದಲ್ಲಿ ನಮಗೆ ಆಶ್ರಯವಿತ್ತವರು ಎಪ್ಪತ್ತು ದಾಟಿದ, ಒಬ್ಬರೇ ಇರುವ ಗೃಹಿಣಿ. ಅವರ ಪತಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ಮಗ ಟೋಕಿಯೋದಲ್ಲಿ ಉದ್ಯೋಗಸ್ಥ. ಹಳೆಯ ಮರದ ಮನೆ ಅದು. ಬೀದಿಗೆ ಕಿರಿದು, ಒಳಕ್ಕೆ ಉದ್ದ. ಇಂಥ ಮನೆಯನ್ನು ಅಲ್ಲಿಯವರು ‘ಹಾವುಮೀನಿನ ಹಾಸಿಗೆ’ ಎಂದು ತಮಾಷೆಯಾಗಿ ಕರೆಯುತ್ತಾರೆ. ನಡುವೆ ಗಾಳಿ ಬೆಳಕುಗಳಿಗಾಗಿ ಬಿಟ್ಟ ಪುಟ್ಟ ಅಂಗಳ. ಬೇಸಗೆ ಬಂತೆಂದರೆ ಕಾಗದದ ಜಾರುಬಾಗಿಲುಗಳನ್ನು ತೆಗೆದಿರಿಸಿ, ಜೊಂಡಿನ ಕಡ್ಡಿಗಳಿಂದ ಹೆಣೆದ ಬಾಗಿಲುಗಳನ್ನು ಕೂಡಿಸುತ್ತಾರೆ. ಸಂಜೆ ಬಾಗಿಲ ಮುಂದೆ ನೀರು ಚಿಮುಕಿಸುತ್ತಾರೆ. ಸೂರಿನ ಅಂಚಿನಲ್ಲಿ ತೂಗುವ ಗಾಜಿನ ಗಂಟೆ ಕಿಣಿಗುಟ್ಟಿದರೆ ಸಾಕು, ಸೆಕೆ ಅರ್ಧ ಇಳಿಯಿತೆಂದು ಅವರ ಎಣಿಕೆ. ಹುರಿದ ಬಾರ್ಲಿಯಿಂದ ಕಾಸಿ ತಣಿಸಿದ ಚಹವನ್ನು ಕುಡಿಯುತ್ತ ಆ ನಾದವನ್ನು ಕೇಳಿದಾಗ ನಮಗೂ ಹಾಗೆಯೇ ಅನ್ನಿಸಿತು.

ಪಾದರಕ್ಷೆಯನ್ನು ಹೊಸ್ತಿಲಲ್ಲೇ ಬಿಡುವುದು ನಮಗೆ ಹೊಸತಲ್ಲ. ಹೊಸತೆನಿಸಿದ್ದು ಸ್ನಾನದ ಕ್ರಮ. ಮೊದಲು ತೊಟ್ಟಿಯ ಹೊರಗೆ ಕುಳಿತು ಮೈತೊಳೆದು, ಆ ಬಳಿಕವೇ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಮನೆಯವರೆಲ್ಲರಿಗೂ ಅದೇ ನೀರು. ಆದುದರಿಂದ ಅತಿಥಿಗೆ ಮೊದಲ ಸರದಿ. ನಾವು ಸಸ್ಯಾಹಾರಿಗಳೆಂದು ತಿಳಿದಾಗ ಅವರು ಕ್ಷಣಕಾಲ ಚಿಂತಿಸಿದರು, ಏಕೆಂದರೆ ಅಲ್ಲಿಯ ಸಾರಿಗೆ ಒಣಮೀನಿನ ರಸವೇ ಸಾಮಾನ್ಯವಾದ ಆಧಾರ. ಮರುದಿನ, ಬೌದ್ಧ ಮಠಗಳಲ್ಲಿ ಮಾಡುವಂತೆ, ಕಡಲಪಾಚಿ ಮತ್ತು ಒಣಅಣಬೆಯ ರಸದಿಂದಲೇ ಅಡುಗೆ ಸಿದ್ಧವಾಗಿತ್ತು. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಜಪಾನಿ ಬಾರದು. ಮೊಬೈಲ್ ಫೋನಿನ ಭಾಷಾಂತರವೇ ನಮ್ಮ ದುಭಾಷಿ.

ಆದರೆ ಒಂದು ಮಾತಿಗೆ ಮಾತ್ರ ದುಭಾಷಿ ಬೇಕಾಗಲಿಲ್ಲ. ಮನೆಯಿಂದ ಹೊರಡುವವರು ಅಲ್ಲಿ ‘ಇತ್ತೆ ಕಿಮಾಸು’ ಎನ್ನುತ್ತಾರೆ. ಅದರ ಅರ್ಥ ‘ಹೋಗಿ ಬರುತ್ತೇನೆ’. ಒಳಗಿರುವವರ ಉತ್ತರ ‘ಇತ್ತೆರಾಶ್ಶಾಯ್’, ಅಂದರೆ ‘ಹೋಗಿ ಬನ್ನಿ’. ಬರಿದೆ ‘ಹೋಗುತ್ತೇನೆ’ ಎನ್ನಬಾರದೆಂದು ಹಿರಿಯರಿಂದ ಕೇಳಿಸಿಕೊಂಡು ಬೆಳೆದ ನಮಗೆ, ಸಾವಿರಾರು ಮೈಲು ದೂರದಲ್ಲಿ ನಮ್ಮದೇ ಹೊಸ್ತಿಲ ಮಾತು ಕೇಳಿಬಂದಂತಾಯಿತು. ಹಿಂದಿರುಗಿದವರನ್ನು ‘ಒಕಾಯೆರಿ’ ಎಂದು ಬರಮಾಡಿಕೊಳ್ಳುತ್ತಾರೆ. ಬೇಸಗೆಯ ಹಬ್ಬಗಳ ಅರ್ಥವೂ ಈ ಮಾತುಗಳಲ್ಲಿಯೇ ಅಡಗಿದೆಯೆಂದು ಬರಬರುತ್ತ ನಮಗೆ ತಿಳಿಯಿತು.

ಜುಲೈ 17ರಂದು ಗಿಯೋನ್ ಉತ್ಸವದ ಮೆರವಣಿಗೆ. 869ರಲ್ಲಿ ಸಾಂಕ್ರಾಮಿಕ ರೋಗಗಳ ಉಪಶಮನಕ್ಕಾಗಿ ಆರಂಭವಾದುದು ಈ ಉತ್ಸವ. ಗಿಯೋನ್ ಎಂಬ ಹೆಸರೇ ಬುದ್ಧನ ಜೇತವನಕ್ಕೆ ಅಲ್ಲಿಯವರು ಕೊಟ್ಟ ಹೆಸರಿನಿಂದ ಬಂದದ್ದು. ಸುಮಾರು 25 ಮೀಟರ್ ಎತ್ತರದ ರಥಗಳ ಚೌಕಟ್ಟನ್ನು ಮೊಳೆಯಿಲ್ಲದೆ ಹುಲ್ಲುಹಗ್ಗದಿಂದಲೇ ಬಿಗಿಯುತ್ತಾರೆ. ಗಾಲಿಗಳು ಪಕ್ಕಕ್ಕೆ ಹೊರಳಲಾರವಾದುದರಿಂದ, ಬೀದಿಯ ತಿರುವಿನಲ್ಲಿ ಸೀಳಿದ ಬಿದಿರನ್ನು ಹಾಸಿ, ನೀರೆರೆದು, ಇಡೀ ರಥವನ್ನು ಅಡ್ಡಕ್ಕೆ ಎಳೆದು ತಿರುಗಿಸುತ್ತಾರೆ. ಆ ಕ್ಷಣದ ಜನರ ಉದ್ಗಾರ ನಮ್ಮ ತೇರಿನ ಬೀದಿಯದೇ.

ಅಲ್ಲಿಂದ ಒಸಾಕದ ತೆಂಜಿನ್ ಉತ್ಸವದ ದೋಣಿಗಳನ್ನು ನೋಡಿಕೊಂಡು, ಆಗಸ್ಟ್ ಮೊದಲ ವಾರದಲ್ಲಿ ಹಿರೋಷಿಮಾಕ್ಕೆ ಹೋದೆವು. ಅಲ್ಲಿ ಒಂದು ಚಿಕ್ಕ ಕುಟುಂಬದ ಮನೆಯಲ್ಲಿ ತಂಗಿದ್ದೆವು. 1945ರ ಆಗಸ್ಟ್ 6ರ ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಅಣುಬಾಂಬು ಸಿಡಿದ ನಗರವದು. ಆ ವರ್ಷದ ಕೊನೆಯೊಳಗೆ ಸುಮಾರು 1,40,000 ಮಂದಿ ಮಡಿದರೆಂಬುದು ಅಂದಾಜು. ಬೆಂಕಿ ಹರಡದಂತೆ ಮನೆಗಳನ್ನು ಕೆಡವುವ ಕೆಲಸಕ್ಕೆ ಆ ಮುಂಜಾನೆ ಶಾಲಾಮಕ್ಕಳನ್ನು ಕಳುಹಿಸಲಾಗಿತ್ತು. ಅವರಲ್ಲಿ ಸುಮಾರು 6,000 ಮಂದಿ ತೀರಿಕೊಂಡರು. ವಸ್ತುಸಂಗ್ರಹಾಲಯದಲ್ಲಿ ಒಂದು ಮಗುವಿನ ಊಟದ ಡಬ್ಬಿಯಿದೆ. ಒಳಗಿನ ಬುತ್ತಿ ಕರಿಕಾಗಿ ಹೋಗಿದೆ. ಆ ಮಕ್ಕಳೂ ಮನೆಯ ಹೊಸ್ತಿಲಲ್ಲಿ ‘ಹೋಗಿ ಬರುತ್ತೇನೆ’ ಎಂದು ಹೇಳಿಯೇ ಹೊರಟಿರಬೇಕು. 6ರ ಸಂಜೆ ಮೊತೊಯಾಸು ನದಿಯಲ್ಲಿ ಜನರು ಕಾಗದದ ದೀಪಗಳನ್ನು ತೇಲಿಬಿಟ್ಟರು. ನಮ್ಮ ಆತಿಥೇಯರ ಚಿಕ್ಕ ಮಗಳು ತನ್ನ ದೀಪ ಕಣ್ಮರೆಯಾಗುವ ತನಕ ದಡದಿಂದ ಕದಲಲಿಲ್ಲ.

ಪುನಃ ಕ್ಯೋಟೋಗೆ ಬಂದಾಗ ಒಬೊನ್ ಪರ್ವ ಸಮೀಪಿಸಿತ್ತು. ‘ಉಲ್ಲಂಬನ’ವೆಂಬ ಸಂಸ್ಕೃತ ಶಬ್ದದಿಂದ ಈ ಹೆಸರು ಬಂತೆಂದು ಪರಂಪರೆಯ ಹೇಳಿಕೆ, ಬುದ್ಧನ ಶಿಷ್ಯ ಮೌದ್ಗಲ್ಯಾಯನನು ತಾಯಿಯನ್ನು ಪ್ರೇತಲೋಕದಿಂದ ಬಿಡಿಸಿದ ಕಥೆ ಇದರ ಮೂಲ. ನಮ್ಮ ಮಹಾಲಯದಂತೆ ಪಿತೃಗಳು ಮನೆಗೆ ಬರುವ ಕಾಲವಿದು. ನಮ್ಮ ಆತಿಥೇಯರು ನಮ್ಮನ್ನು ರೊಕುದೊ ಚಿನ್ನೋಜಿ ದೇವಾಲಯಕ್ಕೆ ಕರೆದೊಯ್ದರು. ಅಲ್ಲಿಯ ಗಂಟೆ ಕಣ್ಣಿಗೆ ಕಾಣಿಸದು; ಗೋಡೆಯ ರಂಧ್ರದಿಂದ ಹೊರಬಂದ ಹಗ್ಗವನ್ನು ಎಳೆದರೆ ಒಳಗೆ ಮೊಳಗುತ್ತದೆ. ಆ ನಾದ ಪರಲೋಕವನ್ನು ಮುಟ್ಟುವುದೆಂದು ನಂಬಿಕೆ. ಆ ತಾಯಿ ಎರಡೂ ಕೈಗಳಿಂದ ಹಗ್ಗವನ್ನು ಎಳೆದು ಪತಿಯನ್ನು ಮನೆಗೆ ಕರೆದರು.

ಟೋಕಿಯೋದಿಂದ ಮಗನೂ ಬಂದನು. ಆಗಸ್ಟ್ 16ರ ರಾತ್ರಿ 8 ಗಂಟೆಗೆ ಪಿತೃಗಳನ್ನು ಬೀಳ್ಕೊಡಲು ಬೆಟ್ಟದ ಮೇಲೆ ‘ಮಹತ್’ ಎಂಬರ್ಥದ ಬೃಹದಾಕಾರದ ಅಕ್ಷರ ಬೆಂಕಿಯಲ್ಲಿ ಮೂಡಿತು. ಒಂದರ ಹಿಂದೊಂದು ಐದು ಬೆಟ್ಟಗಳು ಬೆಳಗಿದವು. ಜನರೆಲ್ಲ ಮೌನವಾಗಿ ಕೈಮುಗಿದು ನಿಂತಿದ್ದರು.

ಇನ್ನು ಮುಂದೆ ಹಗ್ಗ ಎಳೆಯುವವರು ಯಾರು? 2023ರ ಸಮೀಕ್ಷೆಯಂತೆ ಜಪಾನಿನಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿಯಾಗಿವೆ. ಅಂದರೆ ಏಳರಲ್ಲಿ ಒಂದು ಮನೆ. ಮಕ್ಕಳನ್ನು ಬೆಂಗಳೂರಿಗೋ ಮುಂಬಯಿಗೋ ಕಳುಹಿಸಿ ಹಿರಿಯರು ಮಾತ್ರ ಉಳಿದಿರುವ ನಮ್ಮ ಗಡಿಯೂರುಗಳ ಮನೆಗಳಿಗೂ ಈ ಲೆಕ್ಕ ದೂರದ್ದಲ್ಲ. ನಾವು ಅಳುಕುತ್ತಲೇ ಆಕೆಯನ್ನು ಕೇಳಿದೆವು. ಮಗ ಇಲ್ಲಿಗೆ ಬಂದು ನೆಲೆಸನು, ಅದು ನನಗೆ ಗೊತ್ತು, ಎಂದರು. ಬಳಿಕ, ‘ಈ ಬೇಸಗೆ ಒಕಾಯೆರಿ ಎನ್ನಲು ನನ್ನ ಬಾಗಿಲಿಗೆ ಜನರಿದ್ದರು. ಅಷ್ಟು ಸಾಕು’ ಎಂದು ನಕ್ಕರು.

ಮರುದಿನ ಮಗನೂ ನಾವೂ ಒಟ್ಟಿಗೆ ಹೊರಟೆವು. ಮೂವರೂ ‘ಇತ್ತೆ ಕಿಮಾಸು’ ಎಂದೆವು. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದರೆ, ಅವರು ನೀರು ಚಿಮುಕಿಸಿದ ಬಾಗಿಲ ಮುಂದೆ ಇನ್ನೂ ನಿಂತೇ ಇದ್ದರು.