ಗುಳಿಗೆಯ ಕುಲಗೋತ್ರ

ನಮ್ಮವರಿಗೆ ಔಷಧ ಕೊಡುವುದೆಂದರೆ ಪ್ರೀತಿ ತೋರಿಸುವ ಒಂದು ಬಗೆ. ಮನೆಗೆ ಬಂದವನು ಎರಡು ಸಲ ಕೆಮ್ಮಿದರೆ ಸಾಕು, ಮೂರನೆಯ ಕೆಮ್ಮಿಗೆ ಅವಕಾಶವಿಲ್ಲದಂತೆ ಕಷಾಯದ ಲೋಟ ಎದುರಿಗೆ ಬಂದು ಕೂರುತ್ತದೆ. ಈ ಉಪಚಾರಕ್ಕೆ ಯಾರೂ ಚೀಟಿ ಕೇಳುವುದಿಲ್ಲ. ಅದೇ ಪ್ರೀತಿ ಸಮುದ್ರ ದಾಟಬೇಕಾದಾಗ ಮಾತ್ರ ಅದಕ್ಕೆ ಹೆಸರು, ತೂಕ, ಬೆಲೆ, ವೈದ್ಯರ ರುಜು ಎಲ್ಲವೂ ಬೇಕು.

ಮುಂಡಗೋಡದಂಥ ಊರಿಗೆ ಈ ಚಿಂತೆಯೇಕೆ ಎಂದೀರಿ. ಇಲ್ಲಿ 1966ರಿಂದ ಟಿಬೆಟಿಯನ್ನರ ವಸತಿಯಿದೆ. ಅವರ ಬಂಧುಗಳು ಅನೇಕರು ಈಗ ಅಮೆರಿಕ, ಕೆನಡಾಗಳಲ್ಲಿದ್ದಾರೆ. ನಮ್ಮ ಮನೆಗಳ ಮಕ್ಕಳೂ ಅಲ್ಲಿಗೇ ಹೋಗಿದ್ದಾರೆ. ಹೀಗಾಗಿ ಪಾರ್ಸೆಲ್ಲಿನ ಮುಂದೆ ಎರಡು ಕುಲದವರಿಗೂ ಒಂದೇ ಕಷ್ಟ.

ಟಿಬೆಟಿಯನ್ನರ ವೈದ್ಯಸಂಸ್ಥೆ ಮೆನ್-ತ್ಸೀ-ಖಾಂಗ್ 1916ರಲ್ಲಿ ಲಾಸಾದಲ್ಲಿ ಹುಟ್ಟಿ, 1961ರಲ್ಲಿ ಧರ್ಮಶಾಲೆಯಲ್ಲಿ ಪುನರ್ಜನ್ಮ ಪಡೆಯಿತು. ಅದರ ಶಾಖೆ ಇಲ್ಲಿಯೂ ಇದೆ. ಅವರ ಅಮೂಲ್ಯ ಗುಳಿಗೆಗಳು ರೇಶಿಮೆಯ ಚೂರಿನಲ್ಲಿ ಸುತ್ತಿಕೊಂಡು ನವವಧುವಿನಂತೆ ಬರುತ್ತವೆ. ಈ ಪದ್ಧತಿಗೆ ಭಾರತ 2010ರಲ್ಲಿ ಮನ್ನಣೆ ಕೊಟ್ಟಿದೆ. ಆದರೆ ಪರದೇಶದ ಸುಂಕದಧಿಕಾರಿಗೆ ಅದು ಹೆಸರಿಲ್ಲದ ಉಂಡೆ. ಕೆಲವು ಗುಳಿಗೆಗಳಲ್ಲಿ ಸಂಸ್ಕರಿಸಿದ ಪಾದರಸವಿರುವುದರಿಂದ ಅವನ ಅನುಮಾನವನ್ನು ಬರಿಯ ಹಟವೆನ್ನಲಾಗದು.

ನಮ್ಮ ನೆರೆಮನೆಯಾಕೆ ಅಮೆರಿಕದಲ್ಲಿರುವ ಮಗನಿಗೆಂದು ರಕ್ತದೊತ್ತಡದ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಚಟ್ನಿಪುಡಿಯ ಪಕ್ಕದಲ್ಲಿ ಡಬ್ಬಿ ತುಂಬಿದ್ದರು. ತೂಕ ಕಡಮೆಯಾಗಲೆಂಬ ಜಾಣತನ! ಆದರೆ ಔಷಧದ ಹೆಸರು, ಪ್ರಮಾಣ, ಅವಧಿ ಎಲ್ಲ ಆ ಸ್ಟ್ರಿಪ್ಪಿನ ಬೆನ್ನಮೇಲೆಯೇ ಇರುತ್ತವೆ. ಅದನ್ನು ಬಿಟ್ಟು ಹೊರಟ ಮಾತ್ರೆ ಕುಲಗೋತ್ರ ತಿಳಿಯದ ವರನಿದ್ದಂತೆ. ಯಾರೂ ಒಳಗೆ ಕರೆಯರು.

ನಮ್ಮ ದೇಶದ ಕಾನೂನೂ ಹಾಗೆಯೇ. 1945ರ ಔಷಧ ನಿಯಮಗಳ 36ನೆಯ ನಿಯಮದಂತೆ, ಪರದೇಶದಿಂದ ಬರುವ ಪ್ರಯಾಣಿಕ ತನ್ನ ಉಪಯೋಗಕ್ಕೆ ಒಂದೊಂದು ಔಷಧವನ್ನೂ ನೂರು ಸರಾಸರಿ ಸೇವನೆಗಳಷ್ಟು ಪೆಟ್ಟಿಗೆಯಲ್ಲಿ ತರಬಹುದು. ಅದೇ ಔಷಧ ಒಂಟಿಯಾಗಿ ಬರುವುದಾದರೆ ವೈದ್ಯರ ಚೀಟಿಯೊಡನೆ 12-ಎ ನಮೂನೆಯಲ್ಲಿ ಅರ್ಜಿ ಹಾಕಿ, 12-ಬಿ ಪರವಾನಗಿ ಪಡೆಯಬೇಕು. ಮನುಷ್ಯ ಜೊತೆಗಿದ್ದರೆ ಔಷಧದ ಮಾತಿಗೆ ಬೆಲೆ. ಇಲ್ಲದಿದ್ದರೆ ಕಾಗದ ಮಾತಾಡಬೇಕು. ಅಮೆರಿಕದಲ್ಲಂತೂ ಪರದೇಶದ ಔಷಧವನ್ನು ಸ್ವಂತಕ್ಕೆ ತರಿಸಿಕೊಳ್ಳುವುದೇ ಸಾಮಾನ್ಯವಾಗಿ ನಿಯಮಬಾಹಿರ. ಮೂರು ತಿಂಗಳ ಬಳಕೆಯನ್ನು ಮೀರದಷ್ಟನ್ನು ಅಧಿಕಾರಿಗಳು ಕೆಲವೊಮ್ಮೆ ವಿವೇಚನೆಯಿಂದ ಬಿಡುವುದುಂಟು.

ಕಾಗದವೆಲ್ಲ ಸರಿಯಿದ್ದರೂ ದಾರಿಯೇ ಮುಚ್ಚಬಹುದು. ಸುಂಕದ ಹೊಸ ನಿಯಮದಿಂದಾಗಿ ನಮ್ಮ ಅಂಚೆ ಇಲಾಖೆ 2025ರ ಆಗಸ್ಟ್ 25ರಿಂದ ಅಮೆರಿಕಕ್ಕೆ ಹೋಗುವ ಬಹುಪಾಲು ಸಾಮಾನನ್ನು ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ತೆರೆಯಿತು. ಏಳು ವಾರ ಚಟ್ನಿಪುಡಿ ತಡೆದೀತು, ರಕ್ತದೊತ್ತಡ ತಡೆಯುತ್ತದೆಯೆ?

ಆದುದರಿಂದ, ಮಕ್ಕಳನ್ನು ದೂರ ಕಳಿಸಿರುವ ತಾಯಿತಂದೆಗಳೇ, ಮೊದಲು ಕಳಿಸಬೇಕಾದ್ದು ಗುಳಿಗೆಯನ್ನಲ್ಲ, ಅದರ ಮೂಲಹೆಸರನ್ನೂ ಪ್ರಮಾಣವನ್ನೂ ಬರೆದ ವೈದ್ಯರ ಚೀಟಿಯನ್ನು. ಆ ಊರಿನ ವೈದ್ಯನಿಗೆ ನಮ್ಮ ಕಂಪನಿಯ ಹೆಸರು ತಿಳಿಯದಿದ್ದರೂ ಮೂಲಹೆಸರು ತಿಳಿಯುತ್ತದೆ. ಅದಕ್ಕೆ ಸರಿಯಾದ ಮಾತ್ರೆ ಅಲ್ಲಿಯೇ ಸಿಗುವ ಸಂಭವ ಹೆಚ್ಚು. ಬೆಲೆ ಹೆಚ್ಚಾದೀತು, ನಿಜ. ಆದರೆ ದಿನವೂ ನುಂಗಬೇಕಾದ ಔಷಧ ಹಡಗು, ವಿಮಾನ, ಸುಂಕದ ಕಟ್ಟೆಗಳ ಮರ್ಜಿಯನ್ನು ಕಾಯಬಾರದು. ನಮ್ಮ ಪ್ರೀತಿಯನ್ನು ಚಟ್ನಿಪುಡಿಯಲ್ಲಿ ತೋರಿಸೋಣ; ಅದು ಒಂದು ತಿಂಗಳು ತಡವಾದರೆ ಊಟ ರುಚಿಗೆಟ್ಟೀತು, ಅಷ್ಟೆ.